ಕೆರೆಚಿಪ್ಪು ಬೇರೆ, ಹೊಳೆಚಿಪ್ಪು ಬೇರೆ: ಮುತ್ತಿನ ಒಪ್ಪಂದಕ್ಕೆ ರುಜು ಹಾಕುವ ಮುನ್ನ

ಮುತ್ತಿನ ಬೇಸಾಯದ ಮಾತು ಈಚೆಗೆ ನಮ್ಮ ಹಂಗಳ ಹೋಬಳಿಯಲ್ಲೂ ಕೇಳಿಬರುತ್ತಿದೆ. ಹಾಲಿನ ಡೇರಿಯ ಮುಂದೆ ಕ್ಯಾನು ಇಟ್ಟುಕೊಂಡು ನಿಂತವರು, ಗುಂಡ್ಲುಪೇಟೆ ಬಸ್ಸಿಗೆ ಕಾದವರು ಇದನ್ನೇ ಆಡುತ್ತಾರೆ. ಕೃಷಿಹೊಂಡ ಒಂದಿದ್ದರೆ ಸಾಕಂತೆ. ಚಿಪ್ಪನ್ನು ಅವರೇ ತಂದು ಕೊಡುತ್ತಾರಂತೆ, ಒಂದೂವರೆ ವರ್ಷ ಕಳೆದ ಮೇಲೆ ಮುತ್ತನ್ನೂ ಅವರೇ ಕೊಳ್ಳುತ್ತಾರಂತೆ. ರೈತನಿಗೆ ಉಳುವ ಕೆಲಸವಿಲ್ಲ, ಕಳೆ ಕೀಳುವ ಕೆಲಸವಿಲ್ಲ, ಹಂದಿ ಆನೆಗಳ ಕಾಟವಿಲ್ಲ. ಬಂಡೀಪುರದ ಕಾಡಂಚಿನಲ್ಲಿ ಇರುಳೆಲ್ಲ ಅಟ್ಟಣೆಯ ಮೇಲೆ ಕೂತು ಬೆಳೆ ಕಾಯುವ ನಮಗೆ ಈ ಕೊನೆಯ ಮಾತು ಎಷ್ಟು ಸಿಹಿಯಾಗಿ ಕೇಳಿಸುತ್ತದೆಂದು ಬೇರೆಯವರಿಗೆ ತಿಳಿಯುವುದು ಕಷ್ಟ.

ನನ್ನ ಸೋದರಳಿಯನೊಬ್ಬ ಈ ಮಾತಿಗೆ ಮನಸೋತ. ಒಂದು ಜೊತೆ ಎತ್ತಿನ ಬೆಲೆಗೆ ಕಡಿಮೆಯಿಲ್ಲದ ಹಣ ಕಟ್ಟಿ ಸಾವಿರ ಚಿಪ್ಪು ತರಿಸಿದ. ಗೋಣಿಚೀಲಗಳಲ್ಲಿ ತುಂಬಿ ಎರಡು ದಿನ ಲಾರಿಯಲ್ಲಿ ಬಂದ ಚಿಪ್ಪುಗಳನ್ನು ನೈಲಾನ್ ಬಲೆಚೀಲಗಳಿಗೆ ಹಾಕಿ ಹೊಂಡದಲ್ಲಿ ತೂಗುಬಿಟ್ಟರು. ಮೂರನೇ ವಾರಕ್ಕೆ ಹೊಂಡದ ದಡದಲ್ಲಿ ನಿಲ್ಲಲಾಗದಷ್ಟು ನಾತ. ಚೀಲಗಳನ್ನು ಎತ್ತಿ ನೋಡಿದರೆ ಬಾಯಿಬಿಟ್ಟುಕೊಂಡು ಸತ್ತ ಚಿಪ್ಪುಗಳು. ಸತ್ತವನ್ನು ಬಿಡಿಸಿ ಗುಡ್ಡೆ ಹಾಕುವಾಗ ನನ್ನ ಕಣ್ಣಿಗೆ ಬಿದ್ದದ್ದು ಏನೆಂದರೆ, ಗುಡ್ಡೆಯಲ್ಲಿದ್ದವು ಬಹುಪಾಲು ಒಂದೇ ಬಗೆಯವು: ಸಣ್ಣವು, ದುಂಡಗಿನವು, ದಪ್ಪ ಗೋಡೆಯವು. ಉದ್ದನೆಯ, ಅಗಲವಾದ ಚಿಪ್ಪುಗಳು ಅಷ್ಟೊಂದು ಸತ್ತಿರಲಿಲ್ಲ. ಮೀನುಗಾರಿಕೆ ಓದಿದ ಗೆಳೆಯರೊಬ್ಬರಿಗೆ ಎರಡನ್ನೂ ತೋರಿಸಿದೆ. ಅವರು ಕೈಯಲ್ಲಿ ಹಿಡಿದ ಕೂಡಲೇ, ‘ಇದು ಕೆರೆಯದು, ಇದು ಹೊಳೆಯದು. ಎರಡನ್ನೂ ಒಂದೇ ಚೀಲಕ್ಕೆ ಹಾಕಿದವರು ಯಾರು?’ ಎಂದರು. ಈ ಲೇಖನ ಬರೆಯಲು ಅದೇ ಕಾರಣ.

ನಮ್ಮ ಸೀಮೆಗೆ ಕಪ್ಪೆಚಿಪ್ಪು ಹೊಸದಲ್ಲ. ನಾವು ಹುಡುಗರಾಗಿದ್ದಾಗ ಬೇಸಿಗೆಯಲ್ಲಿ ಕೆರೆ ಬತ್ತುತ್ತ ಬಂದಂತೆ ಕೆಸರಿನಲ್ಲಿ ಕಾಲಿಗೆ ಸಿಗುತ್ತಿದ್ದವು. ಬೆನ್ನನ್ನು ಕಲ್ಲಿಗೆ ತಿಕ್ಕಿ ತೂತು ಮಾಡಿ ಮಾವಿನಕಾಯಿಯ ಸಿಪ್ಪೆ ಹೆರೆಯುತ್ತಿದ್ದೆವು. ಸುಣ್ಣ ಸುಡುವವರು ಮಂಕರಿಗಟ್ಟಲೆ ಆಯ್ದುಕೊಂಡು ಹೋಗುತ್ತಿದ್ದರು. ಎಲೆಅಡಿಕೆಗೆ ಚಿಪ್ಪಿನ ಸುಣ್ಣವೇ ನಯವೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಆದರೆ ಅದರಲ್ಲಿ ಎರಡು ಜಾತಿ ಇದೆಯೆಂದು ನಾವ್ಯಾರೂ ಯೋಚಿಸಿದವರಲ್ಲ. ಸುಣ್ಣಕ್ಕೆ ಯಾವುದಾದರೇನು? ಮುತ್ತಿಗೆ ಮಾತ್ರ ಹಾಗಲ್ಲ.

ಕೆರೆಯ ಚಿಪ್ಪಿಗೆ ಶಾಸ್ತ್ರದಲ್ಲಿ ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್ ಎಂದು ಹೆಸರು. ಹೆಸರು ಬಾಯಿಗೆ ಬಾರದಿದ್ದರೆ ಚಿಂತೆಯಿಲ್ಲ, ಗುರುತು ನೆನಪಿದ್ದರೆ ಸಾಕು. ಇದು ಅಂಗೈಯುದ್ದ ಬೆಳೆಯುತ್ತದೆ, ಎಂಟು ಹತ್ತು ಸೆಂಟಿಮೀಟರು ಸಾಮಾನ್ಯ. ಉದ್ದಕ್ಕೆ ಚಾಚಿದ ಆಕಾರ, ಗೋಡೆ ತೆಳು, ಮೈಬಣ್ಣ ಕಪ್ಪುಮಿಶ್ರಿತ ಕಂದು. ಅಂಚಿನಲ್ಲಿ ಸೀರೆಯ ಕರೆಯಂತೆ ತಿಳಿಬಣ್ಣದ ಪಟ್ಟಿ ಇರುತ್ತದೆ. ಮಾರ್ಜಿನಾಲಿಸ್ ಎಂದರೆ ಅಂಚಿನದು ಎಂದೇ ಅರ್ಥ. ಒಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ನಿಂತ ನೀರು, ನಿಧಾನದ ನೀರು, ಮೆತ್ತನೆಯ ಕೆಸರು ಇದರ ಮನೆ.

ಹೊಳೆಯ ಚಿಪ್ಪು ಇದರ ದಾಯಾದಿ. ಇದೇ ಕುಟುಂಬಕ್ಕೆ ಸೇರಿದ್ದು, ಹೆಸರು ಪ್ಯಾರೇಸಿಯಾ ಕೊರುಗೇಟಾ. ಕೊರುಗೇಟಾ ಎಂದರೆ ಸುಕ್ಕುಬಿದ್ದದ್ದು. ಎರಡು ಹೋಳು ಕೂಡುವ ಜಾಗದ ಹತ್ತಿರ ಬೆನ್ನು ಉಬ್ಬಿ ಗೆಣ್ಣಿನ ಹಾಗೆ ಇರುತ್ತದಲ್ಲ, ಅಲ್ಲಿ ಬೆರಳಾಡಿಸಿದರೆ ಸುಕ್ಕುಸುಕ್ಕಾದ ಗೆರೆಗಳು ತಾಗುತ್ತವೆ. ಆಕಾರ ಗುಂಡು, ಗಾತ್ರ ಕೆರೆಯದರ ಅರ್ಧ ಎನ್ನಬಹುದು, ಗೋಡೆ ಮಾತ್ರ ದಪ್ಪ. ಎಳೆಯವಕ್ಕೆ ಹಸಿರು ಛಾಯೆ. ಸತ್ತ ಚಿಪ್ಪನ್ನು ಬಿಡಿಸಿ ಕೀಲು ನೋಡಿದರೆ ಅನುಮಾನ ಪೂರ್ತಿ ಹೋಗುತ್ತದೆ. ಹೊಳೆಯದರ ಕೀಲಿನ ಹಲ್ಲು ಮೋಟು, ಗಟ್ಟಿ. ಕೆರೆಯದರದು ತೆಳುವಾದ ಪಟ್ಟಿಯಂತೆ ಉದ್ದ. ದಪ್ಪ ಗೋಡೆ, ಗಟ್ಟಿ ಕೀಲು ಯಾಕೆಂದು ಬೇರೆ ಹೇಳಬೇಕಿಲ್ಲ. ಕಲ್ಲು ಮರಳುಗಳ ನಡುವೆ, ಹರಿವಿನ ಸೆಳೆತದಲ್ಲಿ ಬಾಳುವ ಪ್ರಾಣಿ ಅದು. ಹೊಳೆಯಿಂದ ನೀರುಣ್ಣುವ ಕೆರೆಗಳಲ್ಲಿ ಅಲ್ಲಲ್ಲಿ ಸಿಗುವುದುಂಟು. ಆದರೆ ಅದರ ಒಗ್ಗಿಗೆ ಹರಿಯುವ ನೀರೇ ಆಗಬೇಕು.

ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡವನ್ನು ಈಗ ಯೋಚಿಸಿ ನೋಡಿ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಒಣಭೂಮಿಯಲ್ಲಿ ಇಂಥ ಹೊಂಡಗಳು ಬಹಳ ಆದವು. ತೋಟದ ನೀರಿಗೆ ಅವು ಒಳ್ಳೆಯವೇ. ಆದರೆ ಅಲ್ಲಿ ಹರಿವಿಲ್ಲ, ಕೆಸರಿಲ್ಲ, ಕರಿಹಾಳೆ ಬಿಸಿಲಿಗೆ ಕಾಯುತ್ತದೆ. ಬೋರ್‌ವೆಲ್ಲಿನಿಂದ ಆಗತಾನೆ ಬಿಟ್ಟ ನೀರಿನಲ್ಲಿ ಗಾಳಿಯ ಅಂಶವೂ ಕಡಿಮೆ, ಚಿಪ್ಪಿಗೆ ಬೇಕಾದ ಮೇವೂ ಇಲ್ಲ. ಚಿಪ್ಪಿನ ಮೇವೆಂದರೆ ನೀರನ್ನು ಹಸುರಾಗಿಸುವ, ಕಣ್ಣಿಗೆ ಕಾಣದ ಸೂಕ್ಷ್ಮ ಪಾಚಿ. ಕಿವಿರಿನ ಮೂಲಕ ನೀರು ಸೋಸಿ ಅದನ್ನು ತಿನ್ನುತ್ತದೆ. ಕೆರೆಯ ಚಿಪ್ಪು ಇಂಥ ಹೊಂಡದಲ್ಲಿ ಹೇಗೋ ಉಸಿರು ಹಿಡಿದೀತು. ಸಗಣಿ, ಸೂಪರ್ ಫಾಸ್ಫೇಟು ಹಾಕಿ ನೀರನ್ನು ಹಸುರು ಮಾಡಿ, ಸ್ವಲ್ಪ ಸುಣ್ಣ ಕೊಟ್ಟರೆ ಬೆಳೆಯಲೂಬಹುದು. ಹೊಳೆಯ ಚಿಪ್ಪನ್ನು ಅಲ್ಲಿ ತೂಗುಬಿಡುವುದು ಮಲೆನಾಡಿನ ಎಮ್ಮೆಯನ್ನು ತಂದು ಬರಡು ಬಯಲಿನಲ್ಲಿ ಕಟ್ಟಿದ ಹಾಗೆ. ಎರಡು ದಿನ ಗೋಣಿಯಲ್ಲಿ ಬೆಂದದ್ದೂ ನಮ್ಮ ಹುಡುಗನ ಚಿಪ್ಪುಗಳ ಸಾವಿಗೆ ಕಾರಣವಿರಬೇಕು, ಒಪ್ಪುತ್ತೇನೆ. ಆದರೆ ಆ ಬೇಗೆಯನ್ನು ಎರಡು ಜಾತಿಯೂ ಒಟ್ಟಿಗೇ ತಿಂದಿದ್ದವು.

ಇನ್ನೊಂದು ವಿಷಯ. ಹೊಳೆಯ ಚಿಪ್ಪು ಬದುಕಿದ್ದರೂ ಲಾಭ ಅಷ್ಟಕ್ಕಷ್ಟೇ. ಮುತ್ತು ಕಟ್ಟಿಸುವುದೆಂದರೆ ಚಿಪ್ಪಿನ ಬಾಯಿಯನ್ನು ಒಂದು ಸೆಂಟಿಮೀಟರಿನಷ್ಟು ಮೆಲ್ಲಗೆ ಅಗಲಿಸಿ, ಒಳಗಿನ ಮೈಹೊದಿಕೆಯ ಬಳಿ ಮಣಿಯನ್ನೋ ಅಚ್ಚನ್ನೋ ಇಡಬೇಕು. ಮೈಹೊದಿಕೆ ತನ್ನ ಚಿಪ್ಪಿನ ಒಳಗೋಡೆಗೆ ಬಳಿಯುವ ಹೊಳಪನ್ನೇ ಪದರಪದರವಾಗಿ ಅದರ ಮೇಲೂ ಬಳಿಯುತ್ತದೆ. ಅದೇ ಮುತ್ತು. ಐದು ಸೆಂಟಿಮೀಟರಿನ ಪ್ರಾಣಿಯ ಹೊಟ್ಟೆಯಲ್ಲಿ ಎಷ್ಟು ಜಾಗ ಸಿಕ್ಕೀತು? ಎಂಟು ಸೆಂಟಿಮೀಟರು ದಾಟಿದ, ಗಾಯವಿಲ್ಲದ ಚಿಪ್ಪೇ ಆಗಬೇಕೆಂದು ಬಲ್ಲವರು ಹೇಳುವುದು ಸುಮ್ಮನೆ ಅಲ್ಲ.

ಭುವನೇಶ್ವರದ ಕೌಸಲ್ಯಾಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಮೀನುಸಾಕಣೆ ಸಂಸ್ಥೆಯವರು 1987ರಿಂದ ಸಿಹಿನೀರಿನ ಮುತ್ತಿನ ಮೇಲೆ ಕೆಲಸ ಮಾಡುತ್ತ ಬಂದಿದ್ದಾರೆ. ಅವರು ಮುತ್ತು ಕಟ್ಟುವ ದೇಶೀ ಚಿಪ್ಪುಗಳೆಂದು ಹೆಸರಿಸಿದವರಲ್ಲಿ ಮೇಲೆ ಹೇಳಿದ ಎರಡೂ ಇವೆ. ಕೆರೆಚಿಪ್ಪಿನ ಒಡಹುಟ್ಟು ಲ್ಯಾಮೆಲ್ಲಿಡೆನ್ಸ್ ಕೊರಿಯಾನಸ್ ಎಂಬ ಮೂರನೆಯದೂ ಇದೆ. ಪಟ್ಟಿಯಲ್ಲಿ ಎಲ್ಲ ಹೆಸರೂ ಇರುವುದರಿಂದ ದಲ್ಲಾಳಿಗಳಿಗೆ ಅನುಕೂಲವಾಯಿತು. ‘ಸರ್ಕಾರವೇ ಒಪ್ಪಿದ ಚಿಪ್ಪು’ ಎಂದು ಸಿಕ್ಕಿದ್ದನ್ನೆಲ್ಲ ಗೋಣಿಗೆ ತುಂಬಬಹುದು. ಆದರೆ ಸಾಕಣೆಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಕೆರೆಯ ಚಿಪ್ಪೇ. ಕಟ್ಟಬಲ್ಲದು ಎಂಬುದು ಒಂದು ಮಾತು, ಕಟ್ಟಿಸಿ ಗಿಟ್ಟುತ್ತದೆ ಎಂಬುದು ಬೇರೆ ಮಾತು. ರಾಗಿ ಬಿತ್ತುವವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಆ ಬಣ್ಣದ ಕಾಗದದ ವಿಚಾರಕ್ಕೆ ಬರುತ್ತೇನೆ. ನಮ್ಮ ಹುಡುಗನಿಗೆ ಕೊಟ್ಟಿದ್ದ ಹಾಳೆಯಲ್ಲಿ ನೇರಳೆಹಣ್ಣಿನ ಬಣ್ಣದ, ಗೋಲಿಯಂತೆ ದುಂಡಗಿನ ಮುತ್ತುಗಳ ಚಿತ್ರವಿತ್ತು. ಅದು ಕೆರೆಯ ಚಿಪ್ಪಿನದೂ ಅಲ್ಲ, ಹೊಳೆಯ ಚಿಪ್ಪಿನದೂ ಅಲ್ಲ, ಸಿಹಿನೀರಿನದೇ ಅಲ್ಲ. ಸಮುದ್ರದಲ್ಲಿಯೂ ಹೀಗೆಯೇ ಇಬ್ಬರು ದಾಯಾದಿಗಳಿದ್ದಾರೆ. ಒಂದು ಪಿಂಕ್ಟಾಡಾ ಫುಕಾಟಾ. ತೂತ್ತುಕುಡಿಯ ಕಡೆ ಮನ್ನಾರ್ ಕೊಲ್ಲಿಯ ಹಾಸುಗಲ್ಲುಗಳ ಮೇಲೆ ಬೆಳೆಯುವುದು ಇದೇ. ಪಾಂಡ್ಯರ ಕಾಲದಿಂದ ಹೆಸರಾದ ಮುತ್ತು ಇದರದು. ಮುಳುಗುಗಾರರು ಇದನ್ನು ಆಯುವ ದೊಡ್ಡ ಬೇಟೆ ಅಲ್ಲಿ ಕೊನೆಯ ಸಲ ನಡೆದದ್ದು 1961ರಲ್ಲಿ. ಚಿಪ್ಪು ಚಿಕ್ಕದು, ಮುತ್ತು ಸಣ್ಣದು, ಬಣ್ಣ ಕೆನೆಯಂಥದು. ಇನ್ನೊಂದು ಪಿಂಕ್ಟಾಡಾ ಮಾರ್ಗರಿಟಿಫೆರಾ, ಕರಿತುಟಿಯ ಚಿಪ್ಪು. ಊಟದ ತಟ್ಟೆಯಷ್ಟು ಅಗಲವಾಗಬಲ್ಲದು, ಒಳಂಚಿನಲ್ಲಿ ಕಪ್ಪು. ನಮ್ಮ ದೇಶದಲ್ಲಿ ಅಂಡಮಾನಿನ ಕಡೆ ಇದೆ. ಆದರೆ ಲೋಕಕ್ಕೆಲ್ಲ ಕರಿಮುತ್ತು ಹೋಗುವುದು ಮುಖ್ಯವಾಗಿ ಶಾಂತಸಾಗರದ ತಾಹಿತಿ ಸುತ್ತಿನ ದ್ವೀಪಗಳಿಂದ. ಆ ಕಾಗದದ ಮೇಲಿದ್ದದ್ದು ಈ ಕರಿತುಟಿಯ ಮುತ್ತು.

ಸಮುದ್ರದ ಈ ಇಬ್ಬರಲ್ಲಿಯೂ ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ. ಫುಕಾಟಾಕ್ಕೆ ದೊಡ್ಡ ಮಣಿ ತುರುಕಿದರೆ ತಡೆಯದು. ಮಾರ್ಗರಿಟಿಫೆರಾ ಸುಣ್ಣದಂಥ ಬಿಳಿಮುತ್ತು ಕೊಡದು. ಜಪಾನಿನಲ್ಲಿ ಮಿಕಿಮೊಟೊ ಎಂಬಾತ 1893ರಲ್ಲಿ ಮೊದಲ ಸಾಕಣೆಯ ಅರ್ಧಗೋಳದ ಮುತ್ತು ತೆಗೆದದ್ದು ಫುಕಾಟಾದ ಜಾತಿಯವರಿಂದಲೇ. ನಮ್ಮಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಳಗರಸ್ವಾಮಿಯವರೂ ಸಂಗಡಿಗರೂ 1973ರಲ್ಲಿ ತೂತ್ತುಕುಡಿಯ ಹತ್ತಿರ ದುಂಡುಮುತ್ತು ಕಟ್ಟಿಸಿದ್ದೂ ಇದರಿಂದಲೇ. ಉಪ್ಪುನೀರಿನ ಈ ವಿದ್ಯೆಯಲ್ಲಿ ಹಂಗಳದ ರೈತನಿಗೆ ಪಾಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಿಂದ ಸಮುದ್ರ ಬಹಳ ದೂರ. ಪಾಲಿಲ್ಲದ್ದರ ಚಿತ್ರ ತೋರಿಸಿ ಹಣ ಕಟ್ಟಿಸಿಕೊಳ್ಳುವುದಕ್ಕೆ ಏನೆನ್ನಬೇಕೆಂದು ಓದುಗರೇ ಹೇಳಲಿ.

ಹಾಗಾದರೆ ಕೆರೆಯ ಚಿಪ್ಪು ಏನು ಕೊಡುತ್ತದೆ? ಸುಲಭವಾಗಿ ಕೊಡುವುದು ಅಚ್ಚುಮುತ್ತು. ಗಣಪತಿಯದೋ ಶಿಲುಬೆಯದೋ ನಾಣ್ಯದಷ್ಟು ಸಣ್ಣ ಅಚ್ಚನ್ನು ಚಿಪ್ಪಿನ ಗೋಡೆಗೂ ಮೈಹೊದಿಕೆಗೂ ನಡುವೆ ಇಟ್ಟರೆ ಒಂದರಿಂದ ಒಂದೂವರೆ ವರ್ಷದಲ್ಲಿ ಅದರ ಮೇಲೆ ಹೊಳಪು ಕೂರುತ್ತದೆ. ಆಮೇಲೆ ಕೊಯ್ದು ತೆಗೆಯಬೇಕು. ನೋಡಲು ಚೆನ್ನಾಗಿರುತ್ತದೆ, ಪದಕಕ್ಕೆ ಆಗುತ್ತದೆ. ಬಿಡಿಯಾದ ದುಂಡುಮುತ್ತು ಬೇಕೆಂದರೆ ಇನ್ನೊಂದು ಚಿಪ್ಪಿನ ಮೈಹೊದಿಕೆಯ ಸಣ್ಣ ತುಣುಕನ್ನು ಕತ್ತರಿಸಿ ಇದರೊಳಗೆ ನಾಟಿ ಹಾಕಬೇಕು, ಇಲ್ಲವೆ ಇನ್ನೂ ಒಳಗೆ ಮಣಿ ಇಡಬೇಕು. ಅದಕ್ಕೆ ಪಳಗಿದ ಕೈ ಬೇಕು. ಎಷ್ಟೇ ಪಳಗಿದರೂ ಒಂದಷ್ಟು ಸಾಯುತ್ತವೆ, ಒಂದಷ್ಟು ಮಣಿಯನ್ನು ಉಗುಳುತ್ತವೆ, ಒಂದಷ್ಟು ಸೊಟ್ಟಪಟ್ಟ ಮುತ್ತು ಕೊಡುತ್ತವೆ. ಸ್ವಾತಿ ಮಳೆಯ ಹನಿ ಚಿಪ್ಪಿನ ಬಾಯಿಗೆ ಬಿದ್ದು ಮುತ್ತಾಗುತ್ತದೆಂದು ನಮ್ಮ ಹಿರಿಯರು ನಂಬಿದ್ದರು. ಆ ನಂಬಿಕೆಯಲ್ಲಿ ಕೂಡ ಎಲ್ಲ ಚಿಪ್ಪಿಗೂ ಹನಿ ಬೀಳುತ್ತದೆಂಬ ಭರವಸೆ ಇರಲಿಲ್ಲ.

ಇಷ್ಟೆಲ್ಲ ಆಗಿ ಬಂದ ದುಂಡುಮುತ್ತು ಪೇಟೆಯಲ್ಲಿ ಯಾರ ಜೊತೆ ಪೈಪೋಟಿ ಮಾಡಬೇಕು? ಚೀನಾದ ಸಿಹಿನೀರಿನ ಮುತ್ತಿನ ಜೊತೆ. ಅವರ ಚಿಪ್ಪು ಹಿರಿಯೋಪ್ಸಿಸ್ ಕ್ಯುಮಿಂಗೈ ಎಂಬ ಇನ್ನೊಂದು ಜಾತಿ, ಬಹಳ ದೊಡ್ಡದು. ಒಂದೊಂದು ಚಿಪ್ಪಿನಲ್ಲಿ ಹತ್ತಾರು ತುಣುಕು ನಾಟಿ ಹಾಕಿ ಹತ್ತಾರು ಮುತ್ತು ತೆಗೆಯುತ್ತಾರೆ. ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಜಪಾನಿನ ಬಿವಾ ಸರೋವರದವರು ಇದರ ದಾಯಾದಿ ಹಿರಿಯೋಪ್ಸಿಸ್ ಶ್ಲೆಗೆಲಿಯಿಂದ ಲೋಕಪ್ರಸಿದ್ಧ ಮುತ್ತು ಬೆಳೆದಿದ್ದರು. ಸರೋವರದ ನೀರು ಕೆಟ್ಟಿತು, ಚಿಪ್ಪು ಸತ್ತವು, ಅಲ್ಲಿನ ಕಸುಬು ಕುಸಿಯಿತು. ಜಾಣರಾದ ಜಪಾನೀಯರಿಗೇ ಹೀಗಾಯಿತೆಂದರೆ ಹೊಂಡಕ್ಕೆ ಚಿಪ್ಪು ಬಿಟ್ಟು ಬಾಗಿಲು ಹಾಕಿಕೊಂಡು ಮಲಗಬಹುದೆಂಬ ಮಾತನ್ನು ಹೇಗೆ ನಂಬುವುದು?

ಒಪ್ಪಂದದ ಬೇಸಾಯವೇ ಬೇಡವೆಂದು ನಾನು ಹೇಳುವವನಲ್ಲ. ನಮ್ಮ ತಾಲ್ಲೂಕಿನಲ್ಲಿ ಚೆಂಡುಹೂವನ್ನು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಒಪ್ಪಂದದ ಮೇಲೆ ಬೆಳೆಯುತ್ತಲೇ ಇದ್ದೇವೆ. ಹೂ ಬಿಟ್ಟ ಕಾಲದಲ್ಲಿ ಊಟಿ ರಸ್ತೆಯ ಕಾರುಗಳೆಲ್ಲ ನಿಂತು ಚಿತ್ರ ತೆಗೆದುಕೊಳ್ಳುತ್ತವೆ, ನಮ್ಮ ಗಿಡವನ್ನೂ ತುಳಿಯುತ್ತವೆ, ಅದು ಬೇರೆ ಮಾತು. ಚೆಂಡುಹೂವಿನಲ್ಲಿಯೂ ಜಗಳ ಇಲ್ಲದಿಲ್ಲ. ಬೆಲೆ ಸಾಲದೆಂಬ ಕೂಗು ವರ್ಷವೂ ಇದೆ. ಆದರೆ ಹೂವನ್ನು ನಮ್ಮ ಕಣ್ಣೆದುರಿಗೆ ತಕ್ಕಡಿಗೆ ಹಾಕುತ್ತಾರೆ. ಕೆ.ಜಿ.ಗೆ ಇಷ್ಟು ಎಂದರೆ ಓದು ಬಾರದವನೂ ಲೆಕ್ಕ ಹಾಕಬಲ್ಲ. ಕಾರ್ಖಾನೆ ಕೊಳ್ಳದಿದ್ದರೆ ಗಿಡ ಉತ್ತು ಜೋಳ ಹಾಕಬಹುದು, ಮೂರು ತಿಂಗಳ ನಷ್ಟ. ಮುತ್ತಿಗೆ ತಕ್ಕಡಿ ಯಾವುದು? ಇದು ಮೊದಲ ದರ್ಜೆ, ಇದು ಎರಡನೆಯದು, ಇದು ಕಸ ಎಂದು ಹೇಳುವವನು ಕೊಳ್ಳುವವನೇ. ಹೊಳಪು, ದುಂಡು, ಪದರದ ದಪ್ಪ ಇವನ್ನು ಅಳೆಯುವ ಕಣ್ಣು ನಮಗಿಲ್ಲ. ಬೇರೆ ಕೊಳ್ಳುವವನು ಗುಂಡ್ಲುಪೇಟೆಯಲ್ಲಿಲ್ಲ, ಚಾಮರಾಜನಗರದಲ್ಲಿಲ್ಲ. ಹದಿನೆಂಟು ತಿಂಗಳು ಕಾದ ಮೇಲೆ ಆತ ‘ಇದು ಒಪ್ಪಂದದ ದರ್ಜೆಗೆ ಬಂದಿಲ್ಲ’ ಎಂದರೆ ನಾವು ಯಾರಿಗೆ ತೋರಿಸಿ ನ್ಯಾಯ ಕೇಳುವುದು?

ಆದ್ದರಿಂದ ರುಜು ಹಾಕುವ ಮೊದಲು ಕಾಗದದಲ್ಲಿ ಚಿಪ್ಪಿನ ಜಾತಿಯ ಹೆಸರು ಬರೆಸಿ. ಉದ್ದ ಎಷ್ಟೆಂದು ಬರೆಸಿ. ಕಟ್ಟುವುದು ಅಚ್ಚುಮುತ್ತೋ ದುಂಡುಮುತ್ತೋ ಎಂದು ಬರೆಸಿ, ಮೊದಲ ತಿಂಗಳಲ್ಲಿ ಸತ್ತ ಚಿಪ್ಪಿನ ನಷ್ಟ ಯಾರದೆಂದು ಬರೆಸಿ. ಇದಿಷ್ಟು ಬರೆಯಲು ಒಪ್ಪದವನ ಜೊತೆ ಎರಡನೇ ಲೋಟ ಕಾಫಿ ಕುಡಿಯುವ ಅಗತ್ಯವಿಲ್ಲ.

ಪ್ರಯೋಗ ಮಾಡಲೇಬೇಕೆಂಬ ಉತ್ಸಾಹಿಗಳಿಗೆ ದಾರಿ ಇಲ್ಲದಿಲ್ಲ. ಭುವನೇಶ್ವರದ ಸಂಸ್ಥೆಯವರೇ ತರಬೇತಿ ಕೊಡುತ್ತಾರೆ. ಅದೇ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಹೆಸರಘಟ್ಟದಲ್ಲಿದೆ, ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಹರದನಹಳ್ಳಿಯಲ್ಲಿದೆ. ಹಣ ಕಟ್ಟುವ ಮೊದಲು ಒಂದು ದಿನ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಕೇಳಿಬರುವುದು ದೊಡ್ಡ ಖರ್ಚಲ್ಲ. ಸಾವಿರ ಚಿಪ್ಪಿನಿಂದ ಶುರುಮಾಡಬೇಡಿ. ಮೀನು ಬಿಟ್ಟ ಮಣ್ಣುತಳದ ಹೊಂಡದಲ್ಲಿ ನೂರು ಕೆರೆಚಿಪ್ಪು ಸಾಕು. ಒಂದು ಚೀಲಕ್ಕೆ ಎರಡರಂತೆ, ನೀರಿನ ಮೇಲ್ಮೈಯಿಂದ ಮೂರು ಅಡಿ ಕೆಳಗೆ ತೂಗುಬಿಡಿ. ವಾರಕ್ಕೊಮ್ಮೆ ಎತ್ತಿ ನೋಡಿ ಸತ್ತವನ್ನು ತೆಗೆಯಿರಿ. ಕಾಟ್ಲಾ, ರೋಹು ಮೀನಿನ ಆದಾಯವೇ ಮುಖ್ಯವೆಂದುಕೊಳ್ಳಿ, ಮುತ್ತು ಬಂದರೆ ಬರಲಿ.

ಚಿಪ್ಪನ್ನು ಎಲ್ಲಿಂದ ತರುವುದು? ಈ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ನೀಲಗಿರಿಯ ಮಳೆನೆರಳಿನ ನಮ್ಮ ಸೀಮೆಯಲ್ಲಿ ಕೆರೆ ತುಂಬುವುದೇ ಅಪರೂಪವಾಗಿತ್ತು. 2016, 2017ರ ಬರದಲ್ಲಿ ಕೆರೆಯಂಗಳ ಬಿರುಕು ಬಿಟ್ಟು ಚಿಪ್ಪು ಬೆಳ್ಳಗೆ ಹರಡಿಕೊಂಡದ್ದನ್ನು ನೋಡಿದ್ದೇನೆ. ಕೆರೆಚಿಪ್ಪು ಕೆಸರಿನೊಳಗೆ ಹುದುಗಿ ಕೆಲವು ತಿಂಗಳು ಉಪವಾಸ ಇರಬಲ್ಲದು, ವರ್ಷಗಟ್ಟಲೆ ಇರಲಾರದು. ಕಬಿನಿಯ ನೀರು ಪೈಪಿನಲ್ಲಿ ತಾಲ್ಲೂಕಿನ ಕೆರೆಗಳಿಗೆ ಬರತೊಡಗಿದ ಮೇಲೆ ಮತ್ತೆ ಅಲ್ಲಲ್ಲಿ ಕಾಣುತ್ತಿದೆ. ಇದರ ಹುಟ್ಟೂ ವಿಚಿತ್ರ. ತಾಯಿಚಿಪ್ಪು ಮರಿಗಳನ್ನು ತನ್ನ ಕಿವಿರಿನಲ್ಲಿಟ್ಟು ಸಾಕಿ ನೀರಿಗೆ ಬಿಡುತ್ತದೆ. ಅವು ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲದಿನ ಇದ್ದು, ಆಮೇಲೆ ಉದುರಿ ಕೆಸರಿಗೆ ಇಳಿದು ಚಿಪ್ಪಾಗುತ್ತವೆ. ಮೀನಿಲ್ಲದ ನೀರಿನಲ್ಲಿ ಚಿಪ್ಪಿನ ಸಂತಾನವಿಲ್ಲ. ಹೀಗೆ ಒಂದೊಂದಾಗಿ ಬೆಳೆದದ್ದನ್ನು ದಲ್ಲಾಳಿ ಒಂದು ದಿನ ಕೂಲಿಯಾಳು ಇಳಿಸಿ ಲಾರಿಗೆ ತುಂಬಿಕೊಂಡು ಹೋದರೆ ಆ ಕೆರೆಯಲ್ಲಿ ಮರಿ ಬಿಡಲು ಯಾವುದು ಉಳಿಯುತ್ತದೆ? ನೀರನ್ನು ಹಗಲಿರುಳು ಸೋಸುವ ಪ್ರಾಣಿ ಅದು. ದನ ಕುಡಿಯುವ ನೀರು ತಿಳಿಯಾಗಿರುವುದರಲ್ಲಿ ಅದರ ಪಾಲೂ ಇದೆ. ನಮ್ಮ ಹುಡುಗನ ಹೊಂಡದಲ್ಲಿ ಸತ್ತ ಹೊಳೆಚಿಪ್ಪುಗಳು ಯಾವುದೋ ಊರಿನ ಹೊಳೆಯನ್ನು ಬರಿದು ಮಾಡಿ ಬಂದವೇ ಅಲ್ಲವೆ?

ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಡುವಾಗ ಚಿಪ್ಪಿನ ವಿಚಾರವನ್ನು ಯಾರೂ ಎತ್ತುವುದಿಲ್ಲ. ಎತ್ತಬೇಕೆಂದು ನನ್ನ ಅಭಿಪ್ರಾಯ. ನಮ್ಮ ಗ್ರಾಮ ಪಂಚಾಯಿತಿಗಳು ಕೆರೆಯಿಂದ ಚಿಪ್ಪನ್ನು ಹೊರಗೆ ಸಾಗಿಸಕೂಡದೆಂದು ಗೊತ್ತುವಳಿ ಮಾಡಲಿ. ಊರಿನ ರೈತನೇ ತನ್ನ ಹೊಂಡಕ್ಕೆ ನೂರಿನ್ನೂರು ಬೇಕೆಂದು ಕೇಳಿದರೆ, ಎಂಟು ಸೆಂಟಿಮೀಟರು ದಾಟಿದ್ದನ್ನು ಮಾತ್ರ, ಅದೂ ಕೆರೆಯ ಒಂದು ಮಗ್ಗುಲಿನಿಂದ ಆಯಲು ಬಿಡಲಿ. ಮುಂದಿನ ಗ್ರಾಮಸಭೆಯಲ್ಲಿ ನಾನಂತೂ ಕೇಳುವವನಿದ್ದೇನೆ.

ನಮ್ಮ ಹುಡುಗನ ಹೊಂಡದಲ್ಲಿ ಈಗ ಉಳಿದಿರುವುದು ನೂರ ಹತ್ತು ಚಿಪ್ಪು, ಎಲ್ಲವೂ ಅಂಚುಪಟ್ಟಿಯ ಕೆರೆಚಿಪ್ಪು. ಹಾಳೆ ಹಾಸಿದ ಹೊಂಡದಿಂದ ತೆಗೆದು ಅಣ್ಣನ ಮಣ್ಣುಹೊಂಡಕ್ಕೆ ಸಾಗಿಸಿದ್ದಾನೆ. ಒಪ್ಪಂದದ ಕಾಗದದಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಹೋಗುವುದು ನಿಂತು ನಾಲ್ಕು ತಿಂಗಳಾಯಿತು. ಬರುವ ಸ್ವಾತಿ ಮಳೆಯ ಹೊತ್ತಿಗೆ ಅವಕ್ಕೆ ಒಂದೂವರೆ ವರ್ಷ ತುಂಬುತ್ತದೆ. ಆಗ ಹತ್ತನ್ನು ಬಿಡಿಸಿ ನೋಡೋಣ ಎಂದಿದ್ದಾನೆ.